ಎದೆಯುರಿಗೂ ವಸಡಿನ ಕಾಯಿಲೆಗೂ ಏನು ನಂಟು?

ಎದೆಯುರಿ ಬಂದರೆ ಹೊಟ್ಟೆಯ ಡಾಕ್ಟರ ಹತ್ತಿರ ಹೋಗುತ್ತೇವೆ. ಹಲ್ಲುಜ್ಜುವಾಗ ರಕ್ತ ಬಂದರೆ ಹಲ್ಲಿನ ಡಾಕ್ಟರ ಹತ್ತಿರ. ಎರಡೂ ಕಡೆ ಹೋಗುವವರು ಕೂಡ ಅಲ್ಲಿಯ ವಿಷಯ ಇಲ್ಲಿ, ಇಲ್ಲಿಯ ವಿಷಯ ಅಲ್ಲಿ ಹೇಳುವುದು ಕಡಿಮೆ. ಕೇಳುವವರೂ ಕಡಿಮೆ. ಆದರೆ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬಂದ ಹಲವು ಅಧ್ಯಯನಗಳು ಒಂದೇ ಕಡೆಗೆ ಬೊಟ್ಟು ಮಾಡುತ್ತಿವೆ. ಹೊಟ್ಟೆಯ ಆಸಿಡ್ ಪದೇ ಪದೇ ಮೇಲಕ್ಕೆ ಬರುವ ತೊಂದರೆ, ಅಂದರೆ ಆಸಿಡ್ ರಿಫ್ಲಕ್ಸ್ ಇರುವವರಲ್ಲಿ ವಸಡಿನ ಕಾಯಿಲೆಯೂ ಜಾಸ್ತಿ ಕಾಣುತ್ತದೆ.

ಇದನ್ನು ಕೇಳಿದ ಕೂಡಲೇ ಮನಸ್ಸಿಗೆ ಬರುವ ವಿವರಣೆ ಒಂದೇ. ಆಸಿಡ್ ಬಾಯಿಯವರೆಗೆ ಬರುತ್ತದೆ, ವಸಡನ್ನು ಸುಡುತ್ತದೆ, ವಸಡು ಕೆಡುತ್ತದೆ. ಕೇಳೋಕೆ ಸರಿಯಾಗಿಯೇ ಇದೆ, ಅಲ್ವಾ? ಆದರೆ ಬಾಯಿಯೊಳಗೆ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಈ ವಿವರಣೆ ನಿಲ್ಲುವುದಿಲ್ಲ. ಇದು ಬರೀ ವಾದದ ಮಾತಲ್ಲ. ಆಸಿಡ್ ಮಾತ್ರೆ ತಗೊಂಡರೆ ವಸಡೂ ಸರಿಹೋಗುತ್ತದೆ ಎಂದು ನಂಬಿ ಕಾಯುವವರು, ಆ ಕಾಯುವ ತಿಂಗಳುಗಳಲ್ಲಿ ಹಲ್ಲು ಹಿಡಿದಿರುವ ಮೂಳೆಯನ್ನೇ ಕಳೆದುಕೊಳ್ಳಬಹುದು. ಹೋದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ.

ನನ್ನ ಪ್ರಕಾರ ಈ ಎರಡು ಕಾಯಿಲೆಗಳ ನಡುವೆ ನಿಜವಾಗಿ ನಿಂತಿರುವುದು ಆಸಿಡ್ ಅಲ್ಲ, ಜೊಲ್ಲು. ಅದರ ಪಕ್ಕದಲ್ಲೇ ಎರಡು ಕಾಯಿಲೆಗಳಿಗೂ ದಾರಿ ಮಾಡಿಕೊಡುವ ಕೆಲವು ಅಭ್ಯಾಸಗಳು, ಕೆಲವು ಔಷಧಿಗಳು ಇವೆ.

ಮೊದಲು ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಬಾಯಿಯ ಆರೋಗ್ಯದ ವರದಿಯ ಪ್ರಕಾರ ವಸಡಿನ ತೀವ್ರ ಕಾಯಿಲೆ ಜಗತ್ತಿನ ವಯಸ್ಕರಲ್ಲಿ ಸುಮಾರು 19% ಜನರಿಗೆ ಇದೆ. ಅಂದರೆ 100 ಕೋಟಿಗೂ ಹೆಚ್ಚು ಜನ. ವಾರಕ್ಕೆ ಒಂದು ಸಲವಾದರೂ ಎದೆಯುರಿ ಅಥವಾ ಹುಳಿತೇಗು ಕಾಡುವವರ ಪ್ರಮಾಣ 13–14% ಇರಬಹುದು ಎಂಬುದು ಹಲವು ದೇಶಗಳ ಅಂಕಿಗಳನ್ನು ಒಟ್ಟುಗೂಡಿಸಿದಾಗ ಸಿಗುವ ಅಂದಾಜು.

ಎರಡೂ ಇಷ್ಟು ಸಾಮಾನ್ಯ ಆಗಿರುವಾಗ, ಅವುಗಳ ನಡುವೆ ಏನೇನೂ ಸಂಬಂಧ ಇಲ್ಲದಿದ್ದರೂ ನೂರು ಜನರಲ್ಲಿ ಎರಡು ಮೂರು ಜನರಿಗೆ ಎರಡೂ ಒಟ್ಟಿಗೆ ಇರುತ್ತವೆ. ಬರೀ ಆಕಸ್ಮಿಕವಾಗಿ. ಹಾಗಾಗಿ "ನನಗೆ ಎರಡೂ ಇದೆ" ಅನ್ನುವುದು ಯಾವುದಕ್ಕೂ ಸಾಕ್ಷಿಯಲ್ಲ. ನೋಡಬೇಕಾದ್ದು ಆಕಸ್ಮಿಕಕ್ಕಿಂತ ಜಾಸ್ತಿ ಜನರಲ್ಲಿ ಎರಡೂ ಜೊತೆಯಾಗಿ ಇವೆಯೇ ಎಂಬುದನ್ನು.

ಇವೆ ಎಂದೇ ಕಾಣುತ್ತದೆ. ಕೊರಿಯಾದಲ್ಲಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ರಿಫ್ಲಕ್ಸ್ ಇರುವವರಲ್ಲಿ ವಸಡಿನ ದೀರ್ಘಕಾಲದ ಕಾಯಿಲೆ ಜಾಸ್ತಿ ಎಂದು ತೋರಿಸಿತು. ಬೇರೆ ಕಾರಣಗಳನ್ನು ಲೆಕ್ಕದಿಂದ ಕಳೆದ ಮೇಲೂ ನಂಟು ಉಳಿಯಿತು. ಜಪಾನಿನಲ್ಲಿ 2012ರಲ್ಲಿ ಬಂದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರೋಗಿಗಳ ಬಾಯಿಯಲ್ಲಿ ಎಷ್ಟು ಜೊಲ್ಲು ಬರುತ್ತದೆ, ಅವರು ಎಷ್ಟು ಸರಾಗವಾಗಿ ನುಂಗುತ್ತಾರೆ ಎಂದೂ ಅಳೆಯಿತು. ರಿಫ್ಲಕ್ಸ್ ಇದ್ದವರಲ್ಲಿ ಜೊಲ್ಲು ಕಡಿಮೆ ಇತ್ತು, ನುಂಗುವ ಶಕ್ತಿಯೂ ಕಡಿಮೆ ಇತ್ತು, ವಸಡಿನ ಸ್ಥಿತಿಯೂ ಚೆನ್ನಾಗಿರಲಿಲ್ಲ. ಇಂಥ ಅಧ್ಯಯನಗಳೆಲ್ಲ ಒಂದೇ ಸಮಯದಲ್ಲಿ ತೆಗೆದ ಚಿತ್ರಗಳು. ಯಾವುದು ಮೊದಲು ಬಂತು, ಯಾವುದು ಯಾವುದಕ್ಕೆ ಕಾರಣ ಎಂದು ಇವು ಹೇಳಲಾರವು. ಅದನ್ನು ತಿಳಿಯಬೇಕಾದರೆ ಬಾಯಿಯೊಳಗೇ ಹೋಗಬೇಕು.

ಆಸಿಡ್ ಕೆಡಿಸುವುದು ಹಲ್ಲನ್ನು

ಅನ್ನನಾಳ ಮತ್ತು ಹೊಟ್ಟೆ ಸೇರುವ ಕಡೆ ಉಂಗುರದಂಥ ಒಂದು ಸ್ನಾಯು ಇದೆ. ನುಂಗಿದಾಗ ತೆರೆಯುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಅದು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲವಾದರೆ ಹೊಟ್ಟೆಯಲ್ಲಿರುವುದು ಮೇಲೆ ಬರುತ್ತದೆ. ಎಲ್ಲರಲ್ಲೂ ಆಗೊಮ್ಮೆ ಈಗೊಮ್ಮೆ ಹೀಗಾಗುತ್ತದೆ. ಅದು ಪದೇ ಪದೇ ಆಗಿ ತೊಂದರೆ ಕೊಡತೊಡಗಿದಾಗ ಮಾತ್ರ ಕಾಯಿಲೆ.

ಹೊಟ್ಟೆಯ ರಸದ ಪಿಎಚ್, ಅಂದರೆ ಹುಳಿಯ ಅಳತೆ, ಸಾಮಾನ್ಯವಾಗಿ 1.5ರಿಂದ 3.5ರ ನಡುವೆ ಇರುತ್ತದೆ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಸುಮಾರು 5.5ರ ಕೆಳಗೆ ಕರಗತೊಡಗುತ್ತದೆ. ಪಿಎಚ್ ಲೆಕ್ಕದಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದ ಹಾಗೆ. ಹಾಗಾಗಿ 2 ಇರುವ ರಸ 5.5ರ ಗಡಿಗಿಂತ ಸುಮಾರು ಮೂರು ಸಾವಿರ ಪಟ್ಟು ಹೆಚ್ಚು ಹುಳಿ. ಬಾಯಿಗೆ ಬರುವಷ್ಟರಲ್ಲಿ ಅದು ಒಂದಿಷ್ಟು ತೆಳುವಾಗಿರುತ್ತದೆ, ನಿಜ. ಆದರೂ ಎನಾಮಲ್ ಕರಗಿಸಲು ಧಾರಾಳವಾಗಿ ಸಾಕು.

ಇದರ ಗುರುತು ಹಲ್ಲಿನ ಡಾಕ್ಟರಿಗೆ ಕಣ್ಣಿಗೇ ಕಾಣುತ್ತದೆ. ಮೇಲಿನ ಸಾಲಿನ ಮುಂದಿನ ಹಲ್ಲುಗಳ ಒಳಮೈ, ಅಂದರೆ ನಾಲಿಗೆ ತಾಗುವ ಬದಿ, ನುಣುಪಾಗಿ, ಹೊಳಪು ಕಳೆದು, ತೆಳುವಾಗಿರುತ್ತದೆ. ಅಂಚುಗಳು ಗಾಜಿನಷ್ಟು ಪಾರದರ್ಶಕ ಆಗಿರುತ್ತವೆ. ದವಡೆ ಹಲ್ಲುಗಳ ಮೇಲಿನ ಉಬ್ಬುಗಳಲ್ಲಿ ಸಣ್ಣ ಸಣ್ಣ ಗುಳಿಗಳು ಬಿದ್ದಿರುತ್ತವೆ. ಹಿಂದೆ ಫಿಲ್ಲಿಂಗ್ ಹಾಕಿಸಿದ್ದರೆ ಅದರ ಸುತ್ತಲಿನ ಹಲ್ಲು ಕರಗಿ ಫಿಲ್ಲಿಂಗ್ ಒಂದೇ ಎದ್ದು ನಿಂತಿರುತ್ತದೆ. ಕೆಳಗಿನ ಸಾಲಿನ ಮುಂದಿನ ಹಲ್ಲುಗಳಿಗೆ ಮಾತ್ರ ಅಷ್ಟು ಏಟು ಬಿದ್ದಿರುವುದಿಲ್ಲ. ನಾಲಿಗೆ ಅವನ್ನು ಮುಚ್ಚಿಕೊಂಡಿರುತ್ತದೆ, ಅಲ್ಲೇ ನಾಲಿಗೆಯ ಕೆಳಗೆ ಜೊಲ್ಲಿನ ಗ್ರಂಥಿಯ ಬಾಯಿಯೂ ಇದೆ. ಎದೆಯುರಿಯೇ ಇಲ್ಲದ ರಿಫ್ಲಕ್ಸ್ ಕೂಡ ಇರುತ್ತದೆ. ಅಂಥವರಲ್ಲಿ ಕಾಯಿಲೆಯ ಮೊದಲ ಸುಳಿವು ಎಷ್ಟೋ ಸಲ ಸಿಗುವುದು ಹಲ್ಲಿನ ಡಾಕ್ಟರ ಕುರ್ಚಿಯಲ್ಲೇ.

ಹಲ್ಲಿನ ಈ ಸವೆತಕ್ಕೂ ರಿಫ್ಲಕ್ಸಿಗೂ ಇರುವ ನಂಟು ಒಪ್ಪಿತವಾದದ್ದು. ರಿಫ್ಲಕ್ಸ್ ಕಾಯಿಲೆ ಎಂದರೇನು ಎಂದು ತಜ್ಞರು ಒಪ್ಪಿ 2006ರಲ್ಲಿ ಹೊರತಂದ ಮಾಂಟ್ರಿಯಲ್ ವ್ಯಾಖ್ಯಾನದಲ್ಲಿ ಅನ್ನನಾಳದ ಆಚೆ ರಿಫ್ಲಕ್ಸಿನ ಜೊತೆ ಖಚಿತ ನಂಟು ಇರುವ ತೊಂದರೆಗಳ ಪಟ್ಟಿ ಇದೆ. ಅದರಲ್ಲಿ ಕೆಮ್ಮು, ಧ್ವನಿಪೆಟ್ಟಿಗೆಯ ಉರಿಯೂತ, ಅಸ್ತಮಾ ಜೊತೆಗೆ ಹಲ್ಲಿನ ಸವೆತವೂ ಸೇರಿದೆ. ವಸಡಿನ ಕಾಯಿಲೆ ಆ ಪಟ್ಟಿಯಲ್ಲಿ ಇಲ್ಲ. ಇತ್ತ 2018ರಲ್ಲಿ ಪ್ರಕಟವಾದ ವಸಡಿನ ಕಾಯಿಲೆಗಳ ಹೊಸ ವರ್ಗೀಕರಣದಲ್ಲಿ ಕಾಯಿಲೆಯ ವೇಗ ಹೆಚ್ಚಿಸುವ ಅಂಶಗಳೆಂದು ಧೂಮಪಾನ ಮತ್ತು ಸಕ್ಕರೆ ಕಾಯಿಲೆಯನ್ನು ಸೇರಿಸಿದ್ದಾರೆ. ಅಲ್ಲಿ ರಿಫ್ಲಕ್ಸ್ ಇಲ್ಲ.

ವಸಡನ್ನು ಕೆಡಿಸುವುದು ಯಾರು?

ಬ್ಯಾಕ್ಟೀರಿಯಾ. ಇದು ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡಿದ್ದು 1965ರ ಒಂದು ಪ್ರಯೋಗದಲ್ಲಿ. ಹರಾಲ್ಡ್ ಲೋ ಮತ್ತು ಸಂಗಡಿಗರು ವಸಡು ಚೆನ್ನಾಗಿದ್ದ ವಿದ್ಯಾರ್ಥಿಗಳಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಸುಮಾರು ಎರಡು ಮೂರು ವಾರಗಳ ಒಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಕೆಲವೇ ದಿನಗಳಲ್ಲಿ ಸರಿಹೋಯಿತು. ವಸಡು ಊದಲು ಹಲ್ಲಿನ ಬುಡದಲ್ಲಿ ಕೂರುವ ಮೆತ್ತನೆಯ ಪಾಚಿ, ಅಂದರೆ ಪ್ಲೇಕ್ ಒಂದೇ ಸಾಕು ಎಂದು ಇದರಿಂದ ಖಚಿತವಾಯಿತು.

ಊತ ಇಷ್ಟಕ್ಕೇ ನಿಂತರೆ ಅದು ಜಿಂಜಿವೈಟಿಸ್. ವಾಪಸ್ ಸರಿಹೋಗುವಂಥದ್ದು. ಕೆಲವರಲ್ಲಿ ಅದು ಒಳಕ್ಕೆ ಇಳಿಯುತ್ತದೆ. ಹಲ್ಲು ಮತ್ತು ವಸಡಿನ ನಡುವೆ ಆರೋಗ್ಯವಾಗಿದ್ದಾಗಲೂ 1ರಿಂದ 3 ಮಿಲಿಮೀಟರ್ ಆಳದ ಸಣ್ಣ ಸಂದು ಇರುತ್ತದೆ. ಅದು 4, 5, 6 ಮಿಲಿಮೀಟರ್ ಆದಾಗ ಪಾಕೆಟ್ ಅನ್ನುತ್ತಾರೆ. ಬ್ರಷ್ ಅಲ್ಲಿಗೆ ಮುಟ್ಟುವುದಿಲ್ಲ. ಆಮ್ಲಜನಕ ಇಲ್ಲದ ಆ ಕತ್ತಲಲ್ಲಿ ಪೊರ್ಫಿರೊಮೊನಾಸ್ ಜಿಂಜಿವಾಲಿಸ್ ಥರದ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಅವುಗಳ ಮೇಲೆ ನಮ್ಮ ಮೈಯೇ ನಡೆಸುವ ಹೋರಾಟದಲ್ಲಿ ಹಲ್ಲಿನ ಸುತ್ತಲಿನ ಮೂಳೆ ಕರಗುತ್ತದೆ. ಇದು ಪೆರಿಯೊಡಾಂಟೈಟಿಸ್.

ಈಗ ಆಸಿಡ್ ಎಲ್ಲಿ ಬರುತ್ತದೆ ನೋಡೋಣ. ಪೊರ್ಫಿರೊಮೊನಾಸ್ ಜಿಂಜಿವಾಲಿಸ್‌ಗೆ ಹುಳಿ ಆಗಿಬರುವುದಿಲ್ಲ. ಅದು ಚೆನ್ನಾಗಿ ಬೆಳೆಯುವುದು ಹುಳಿಯೂ ಅಲ್ಲದ, ಕ್ಷಾರವೂ ಅಲ್ಲದ, ಅಥವಾ ಸ್ವಲ್ಪ ಕ್ಷಾರದ ಕಡೆ ವಾಲಿದ ವಾತಾವರಣದಲ್ಲಿ. ಹುಳಿ ಇಷ್ಟಪಡುವುದು ಹಲ್ಲು ಹುಳುಕು ಮಾಡುವ ಬ್ಯಾಕ್ಟೀರಿಯಾ, ವಸಡು ಕೆಡಿಸುವವಲ್ಲ. ಇನ್ನೂ ಒಂದು ವಿಷಯ ಇದೆ. ವಸಡಿನ ಸಂದಿನಿಂದ ಒಂದು ದ್ರವ ಸದಾ ಒರತೆಯ ಹಾಗೆ ಒಳಗಿನಿಂದ ಹೊರಕ್ಕೆ ಜಿನುಗುತ್ತಿರುತ್ತದೆ. ವಸಡು ಊದಿದಷ್ಟೂ ಅದು ಜಾಸ್ತಿ. ಬಾಯಿಗೆ ಬಂದ ಆಸಿಡ್ ಆ ಹರಿವಿನ ಎದುರು ಪಾಕೆಟ್ಟಿನ ತಳದವರೆಗೆ ಇಳಿಯುವುದು ಕಷ್ಟ.

ಜಾಗದ ಲೆಕ್ಕವೂ ಹೊಂದುವುದಿಲ್ಲ. ಆಸಿಡ್ಡೇ ವಸಡನ್ನು ತಿನ್ನುತ್ತಿದ್ದರೆ ಅದು ಜಾಸ್ತಿ ಬೀಳುವ ಕಡೆ, ಮೇಲಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ, ವಸಡು ಎಲ್ಲಕ್ಕಿಂತ ಕೆಟ್ಟಿರಬೇಕಿತ್ತು. ಆದರೆ ವಸಡಿನ ಕಾಯಿಲೆ ಹೆಚ್ಚಾಗಿ ಕಾಣುವುದು ದವಡೆ ಹಲ್ಲುಗಳಲ್ಲಿ ಮತ್ತು ಕೆಳಗಿನ ಮುಂದಿನ ಹಲ್ಲುಗಳಲ್ಲಿ. ಆಸಿಡ್ ಮುಟ್ಟದೆ ಬಿಡುವ ಕೆಳಗಿನ ಹಲ್ಲುಗಳ ಒಳಬದಿಯಲ್ಲೇ ಟಾರ್ಟರ್, ಅಂದರೆ ಗಟ್ಟಿಯಾದ ಪಾಚಿ, ಜಾಸ್ತಿ ಕಟ್ಟುತ್ತದೆ. ಈ ಒಂದು ಅಂಶವೇ ನೇರ ಸುಡುವಿಕೆಯ ಕಥೆಯನ್ನು ಪಕ್ಕಕ್ಕಿಡಲು ಸಾಕು ಎಂದು ನನಗೆ ಅನ್ನಿಸುತ್ತದೆ.

ಆಸಿಡ್ ಮತ್ತು ವಸಡಿನ ಕಾಯಿಲೆ ನಿಜವಾಗಿ ಕೈಜೋಡಿಸುವ ಜಾಗ ಬೇರೆ. ವಸಡಿನ ಕಾಯಿಲೆಯಿಂದ ವಸಡು ಕೆಳಗೆ ಸರಿದಾಗ ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರಿಗೆ ಎನಾಮಲ್ ರಕ್ಷಣೆ ಇಲ್ಲ. ಎನಾಮಲ್ ಕರಗಲು ಪಿಎಚ್ 5.5ಕ್ಕೆ ಇಳಿಯಬೇಕು. ಬೇರು 6ರಿಂದ 6.7ರ ಆಸುಪಾಸಿನಲ್ಲೇ ಕರಗಲು ಶುರುವಾಗುತ್ತದೆ. ಅಂದರೆ ಮೊದಲು ಏನೂ ಮಾಡದಿದ್ದ ಅಲ್ಪಸ್ವಲ್ಪ ಹುಳಿಯೂ ಈಗ ಸಾಕು. ರಿಫ್ಲಕ್ಸ್ ಇರುವವರಲ್ಲಿ ವಸಡು ಸರಿದ ಹಲ್ಲುಗಳು ತಣ್ಣೀರಿಗೂ ಜುಮ್ ಅನ್ನುವುದು ಇದಕ್ಕೇ. ಜುಮ್ ಅನ್ನುವ ಕಡೆ ಬ್ರಷ್ ತಾಗಿಸಲು ಕೈ ಹಿಂಜರಿಯುತ್ತದೆ. ನೋವಿರುವ ಕಡೆ ಬಿಟ್ಟು ಉಜ್ಜುತ್ತಾರೆ. ಅಲ್ಲೇ ಪಾಚಿ ಕೂರುತ್ತದೆ, ಅಲ್ಲೇ ವಸಡು ಮತ್ತೆ ಊದುತ್ತದೆ. ಆಸಿಡ್ ವಸಡಿಗೆ ಹಾನಿ ಮಾಡುವ ಒಂದು ದಾರಿ ಇದೇ ಇರಬಹುದು. ಯಾವ ಲ್ಯಾಬ್ ಪರೀಕ್ಷೆಯಲ್ಲೂ ಇದು ಸಿಗುವುದಿಲ್ಲ. ಎಲ್ಲಿ ಉಜ್ಜಿದರೆ ನೋಯುತ್ತದೆ ಎಂದು ರೋಗಿಯನ್ನೇ ಕೇಳಬೇಕು.

ನಡುವೆ ನಿಂತಿರುವುದು ಜೊಲ್ಲು

ಒಬ್ಬ ವಯಸ್ಕರ ಬಾಯಿಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಬರುತ್ತದೆ. ಸುಮ್ನೆ ಕೂತಿದ್ದಾಗ ನಿಮಿಷಕ್ಕೆ 0.3–0.4 ಮಿಲಿಲೀಟರ್. ಅಗಿಯುವಾಗ ಅದರ ಎಷ್ಟೋ ಪಟ್ಟು. ಇದರಲ್ಲಿ ಬೈಕಾರ್ಬನೇಟ್ ಇದೆ, ಅಂದರೆ ಹುಳಿಯನ್ನು ತಗ್ಗಿಸುವ ಅಂಶ. ಜೊಲ್ಲು ಜಾಸ್ತಿ ಬಂದಷ್ಟೂ ಬೈಕಾರ್ಬನೇಟ್ ಪ್ರಮಾಣವೂ ಏರುತ್ತದೆ. ಜೊತೆಗೆ ಬ್ಯಾಕ್ಟೀರಿಯಾ ತಡೆಯುವ ಪ್ರೋಟೀನುಗಳು, ಗಾಯ ಮಾಯಿಸಲು ನೆರವಾಗುವ ಅಂಶಗಳು ಇವೆ.

ನಾವು ಮರೆಯುವುದು ಏನೆಂದರೆ, ಜೊಲ್ಲಿನ ಕೆಲಸ ಬಾಯಿಗಷ್ಟೇ ಮುಗಿಯುವುದಿಲ್ಲ. ಆಸಿಡ್ ಅನ್ನನಾಳಕ್ಕೆ ಬಂದಾಗ ಅನ್ನನಾಳ ಒಂದು ಸಲ ಹಿಂಡಿ ಅದರ ಬಹುಪಾಲನ್ನು ಕೆಳಕ್ಕೆ ತಳ್ಳುತ್ತದೆ. ಗೋಡೆಗೆ ಅಂಟಿಕೊಂಡು ಉಳಿದ ಆಸಿಡ್ಡನ್ನು ತೊಳೆಯುವುದು ನಾವು ಮತ್ತೆ ಮತ್ತೆ ನುಂಗುವ ಜೊಲ್ಲು. ಒಂದೇ ರಸ ಮೇಲೆ ಹಲ್ಲನ್ನೂ ಕಾಯುತ್ತದೆ, ಕೆಳಗೆ ಅನ್ನನಾಳವನ್ನೂ ಕಾಯುತ್ತದೆ. ಅದು ಕಡಿಮೆಯಾದರೆ ಎರಡೂ ಕಡೆ ಕಾವಲು ಸಡಿಲ.

ರಾತ್ರಿಯಲ್ಲಿ ಏನಾಗುತ್ತದೆ ಎಂದು ಯೋಚಿಸಿ. ಗಾಢ ನಿದ್ದೆಯಲ್ಲಿ ಜೊಲ್ಲು ಬರುವುದು ಹೆಚ್ಚು ಕಡಿಮೆ ನಿಂತೇ ಹೋಗುತ್ತದೆ. ನುಂಗುವುದೂ ಅಪರೂಪ. ಮಲಗಿರುವುದರಿಂದ ಆಸಿಡ್ ತಾನಾಗಿ ಕೆಳಗಿಳಿಯುವುದಿಲ್ಲ. ಹಗಲಲ್ಲಿ ಬಂದ ಆಸಿಡ್ ಬೇಗ ತೊಳೆದುಹೋಗುತ್ತದೆ. ರಾತ್ರಿ ಬಂದದ್ದು ಬಹಳ ಹೊತ್ತು ಕೂತಿರುತ್ತದೆ. ಮೂಗು ಕಟ್ಟಿ ಬಾಯಲ್ಲೇ ಉಸಿರಾಡುವವರಿಗೆ, ನಿದ್ದೆಯಲ್ಲಿ ಉಸಿರು ತಡೆಯುವ ಸ್ಲೀಪ್ ಅಪ್ನಿಯಾ ಇರುವವರಿಗೆ ಇದ್ದಬದ್ದ ಜೊಲ್ಲೂ ಒಣಗುತ್ತದೆ. ಬೆಳಗ್ಗೆ ಎದ್ದಾಗ ಬಾಯಿ ಅಂಟಂಟು, ಹುಳಿ ರುಚಿ, ವಾಸನೆ. ರಾತ್ರಿ ಹಲ್ಲುಜ್ಜದೆ ಮಲಗಿದ್ದರೆ ಅದೇ ಏಳೆಂಟು ಗಂಟೆ ಪಾಚಿಗೂ ಹಬ್ಬ. ಬಾಯಿಯ ವಾಸನೆಗೆ ಹೊಟ್ಟೆಯೇ ಕಾರಣ ಎಂದುಕೊಳ್ಳುವವರು ಬಹಳ. ಆದರೆ ಬಾಯಿವಾಸನೆಯ ಬಹುಪಾಲು ಬರುವುದು ನಾಲಿಗೆ ಮತ್ತು ವಸಡಿನಿಂದಲೇ.

ಜೊಲ್ಲು ಕಡಿಮೆಯಾದಾಗ ಮೊದಲ ಏಟು ಬೀಳುವುದು ಹಲ್ಲಿನ ಮೇಲೆ, ಹುಳುಕಿನ ರೂಪದಲ್ಲಿ. ವಸಡಿನ ಮೇಲಿನ ಪರಿಣಾಮ ಅಷ್ಟು ನೇರವಲ್ಲ. ಪಾಚಿ ಬೇಗ ಕಟ್ಟುತ್ತದೆ, ಬೇಗ ತೊಳೆದುಹೋಗುವುದಿಲ್ಲ, ಊದಿದ ವಸಡು ಮಾಯಲು ತಡವಾಗುತ್ತದೆ. ನಿಧಾನದ ದಾರಿ. ಆದರೂ ಜಪಾನಿನ ಅಧ್ಯಯನದಲ್ಲಿ ಕಂಡ ಮೂರೂ ಸಂಗತಿಗಳನ್ನು, ಅಂದರೆ ರಿಫ್ಲಕ್ಸ್, ಕಡಿಮೆ ಜೊಲ್ಲು, ಕೆಟ್ಟ ವಸಡು ಇವನ್ನು ಒಂದೇ ದಾರದಲ್ಲಿ ಪೋಣಿಸುವ ವಿವರಣೆ ಇದೇ.

ಎರಡಕ್ಕೂ ಒಂದೇ ಬೇರು

ಧೂಮಪಾನದಿಂದಲೇ ಶುರುಮಾಡೋಣ. ಸಿಗರೇಟು, ಬೀಡಿ ಅನ್ನನಾಳದ ಕೆಳಗಿನ ಉಂಗುರ ಸ್ನಾಯುವನ್ನು ಸಡಿಲ ಮಾಡುತ್ತವೆ, ಜೊಲ್ಲಿನ ಬೈಕಾರ್ಬನೇಟ್ ತಗ್ಗಿಸುತ್ತವೆ. ಅತ್ತ ವಸಡಿನ ಕಾಯಿಲೆಗೆ ಅತಿ ದೊಡ್ಡ ಕಾರಣಗಳಲ್ಲಿ ಧೂಮಪಾನವೂ ಒಂದು. ಇದರಲ್ಲಿ ಒಂದು ಮೋಸ ಇದೆ. ಸೇದುವವರ ವಸಡಿನಲ್ಲಿ ರಕ್ತನಾಳಗಳು ಕುಗ್ಗಿರುವುದರಿಂದ ರಕ್ತ ಬರುವುದೇ ಕಡಿಮೆ. ರಕ್ತ ಬರುತ್ತಿಲ್ಲ, ವಸಡು ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಒಳಗೆ ಮೂಳೆ ಕರಗುತ್ತಲೇ ಇರುತ್ತದೆ.

ಸಕ್ಕರೆ ಕಾಯಿಲೆ, ಬೊಜ್ಜು, ಮದ್ಯ ಇವೂ ಎರಡೂ ಕಡೆ ಕೈ ಹಾಕುತ್ತವೆ. ಗರ್ಭಿಣಿಯರಲ್ಲಿ ಪ್ರೊಜೆಸ್ಟರಾನ್ ಹಾರ್ಮೋನ್ ಅದೇ ಉಂಗುರ ಸ್ನಾಯುವನ್ನು ಸಡಿಲ ಮಾಡುತ್ತದೆ, ಹಾರ್ಮೋನ್ ಏರುಪೇರಿನಿಂದ ವಸಡೂ ಊದುತ್ತದೆ. ಒಂದೇ ತಿಂಗಳಲ್ಲಿ ಎದೆಯುರಿಯೂ ಶುರು, ವಸಡಿನ ರಕ್ತವೂ ಶುರು. ಒಂದು ಇನ್ನೊಂದಕ್ಕೆ ಕಾರಣ ಅಲ್ಲ.

ಇಲ್ಲಿ ಯಾರೂ ಅಷ್ಟಾಗಿ ಗಮನ ಕೊಡದ ವಿಷಯ ಎಂದರೆ ಔಷಧಿಗಳು. ಬಿಪಿಗೆ ಕೊಡುವ ಆಮ್ಲೊಡಿಪಿನ್, ನಿಫೆಡಿಪಿನ್ ಥರದ ಮಾತ್ರೆಗಳನ್ನು ತಗೊಳ್ಳಿ. ರಕ್ತನಾಳದ ಸ್ನಾಯು ಸಡಿಲ ಮಾಡಿ ಬಿಪಿ ಇಳಿಸುವುದು ಅವುಗಳ ಕೆಲಸ. ಅನ್ನನಾಳದ ಉಂಗುರವೂ ಸ್ನಾಯುವೇ, ಅದೂ ಒಂದಿಷ್ಟು ಸಡಿಲವಾಗಿ ಎದೆಯುರಿ ಜಾಸ್ತಿಯಾಗಬಹುದು. ಇದೇ ಗುಂಪಿನ ಮಾತ್ರೆಗಳು ಕೆಲವರಲ್ಲಿ ವಸಡು ದಪ್ಪವಾಗಿ ಹಲ್ಲಿನ ಮೇಲೆ ಬೆಳೆಯುವಂತೆಯೂ ಮಾಡುತ್ತವೆ. ಬೆಳೆದ ವಸಡಿನ ಕೆಳಗೆ ಪಾಚಿ ಸೇರಿ ಪಾಕೆಟ್ ಆಗುತ್ತದೆ. ಒಂದೇ ಮಾತ್ರೆ, ಎರಡು ತೊಂದರೆ. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಹಳೆಯ ಮಾತ್ರೆಗಳು, ಮೂತ್ರ ಹಿಡಿದಿಡಲು ಆಗದವರಿಗೆ ಕೊಡುವ ಕೆಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ, ಉಂಗುರ ಸ್ನಾಯುವನ್ನೂ ಸಡಿಲ ಮಾಡುತ್ತವೆ. ಹಾಗಂತ ಇವನ್ನು ಯಾರೂ ತಾವಾಗಿಯೇ ನಿಲ್ಲಿಸಬಾರದು. ಬಿಪಿ ಮಾತ್ರೆ ಬಿಟ್ಟರೆ ಆಗುವ ಅಪಾಯ ವಸಡಿಗಿಂತ ಎಷ್ಟೋ ದೊಡ್ಡದು. ಬರೆದುಕೊಟ್ಟ ಡಾಕ್ಟರಿಗೆ ಹೇಳಿದರೆ ಬೇರೆ ಗುಂಪಿನ ಮಾತ್ರೆ ಕೊಡಲು ದಾರಿ ಇರುತ್ತದೆ.

ಆಸಿಡ್ ಮಾತ್ರೆಯ ಗೋಜಲು

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಗುಂಪಿನ ಮಾತ್ರೆಗಳು ಹೊಟ್ಟೆಯಲ್ಲಿ ಆಸಿಡ್ ತಯಾರಾಗುವುದನ್ನೇ ತಗ್ಗಿಸುತ್ತವೆ. ಇವನ್ನು ತಗೊಳ್ಳುವವರ ವಸಡು ಹೇಗಿರುತ್ತದೆ? ಅಮೆರಿಕದ ಬಫಲೋ ವಿಶ್ವವಿದ್ಯಾಲಯದವರು ವಸಡಿನ ಕಾಯಿಲೆ ಇದ್ದ 1,000ಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದರು. ಮಾತ್ರೆ ತಗೊಳ್ಳುತ್ತಿದ್ದವರಲ್ಲಿ ಅಳೆದ ಸಂದುಗಳ ಪೈಕಿ 14% ಮಾತ್ರ 6 ಮಿಲಿಮೀಟರ್ ಅಥವಾ ಅದಕ್ಕಿಂತ ಆಳ ಇದ್ದವು. ತಗೊಳ್ಳದವರಲ್ಲಿ 24%.

ನೋಡಿದ ಕೂಡಲೇ ಮಾತ್ರೆ ವಸಡಿಗೆ ಒಳ್ಳೆಯದು ಅನ್ನಿಸುತ್ತದೆ. ಅವಸರ ಬೇಡ. ದಿನಾ ಮಾತ್ರೆ ತಗೊಳ್ಳುವವರು ಡಾಕ್ಟರ ಹತ್ತಿರ ಹೆಚ್ಚು ಹೋಗುವವರು, ತಮ್ಮ ಆರೋಗ್ಯ ಹೆಚ್ಚು ನೋಡಿಕೊಳ್ಳುವವರು ಆಗಿರಬಹುದು. ದಾಖಲೆ ನೋಡಿ ಮಾಡಿದ ಅಧ್ಯಯನದಲ್ಲಿ ಇದನ್ನು ಪೂರ್ತಿ ಬೇರ್ಪಡಿಸುವುದು ಕಷ್ಟ. ಇದೇ ಮಾತ್ರೆಗಳ ಬಗ್ಗೆ 2017ರಲ್ಲಿ ಬಂದ ಇನ್ನೊಂದು ಅಧ್ಯಯನ ಹಲ್ಲಿನ ಇಂಪ್ಲಾಂಟ್, ಅಂದರೆ ದವಡೆಯ ಮೂಳೆಗೆ ಕೂರಿಸುವ ಕೃತಕ ಬೇರು ಕುರಿತದ್ದು. ಮಾತ್ರೆ ತಗೊಳ್ಳುವವರಲ್ಲಿ 6.8% ಇಂಪ್ಲಾಂಟುಗಳು ವಿಫಲವಾಗಿದ್ದವು, ಉಳಿದವರಲ್ಲಿ 3.2%. ಆಸಿಡ್ ಕಡಿಮೆಯಾದರೆ ಕ್ಯಾಲ್ಸಿಯಂ ಹೀರಿಕೊಳ್ಳುವುದು ತಗ್ಗಿ ಮೂಳೆ ಕೂಡುವುದು ನಿಧಾನವಾಗಬಹುದು ಎಂಬುದು ಅದಕ್ಕೆ ಕೊಟ್ಟ ಒಂದು ವಿವರಣೆ. ಒಂದು ಅಧ್ಯಯನ ಹಿಡಿದು ಮಾತ್ರೆಯನ್ನು ಹೊಗಳುವುದೂ, ಇನ್ನೊಂದನ್ನು ಹಿಡಿದು ಹೆದರುವುದೂ ಎರಡೂ ತಪ್ಪು.

ಮಾತ್ರೆ ಮಾಡದಿರುವ ಕೆಲಸವೂ ಗೊತ್ತಿರಬೇಕು. ಅದು ಆಸಿಡ್ ತಗ್ಗಿಸುತ್ತದೆ, ಮೇಲೆ ಬರುವುದನ್ನು ತಡೆಯುವುದಿಲ್ಲ. ಹುಳಿ ಕಡಿಮೆ ಇರುವ ರಸ ಆಗಲೂ ಬರುತ್ತಿರುತ್ತದೆ, ಅದರಲ್ಲಿ ಪ್ರೋಟೀನ್ ಕತ್ತರಿಸುವ ಪೆಪ್ಸಿನ್ ಇರುತ್ತದೆ. ಇನ್ನೊಂದು ಸಂಗತಿ: ಬಾಯಿಯಿಂದ ನುಂಗಿದ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಹೊಟ್ಟೆಯ ಆಸಿಡ್ಡಿನ ಕೆಲಸಗಳಲ್ಲಿ ಒಂದು. 2016ರಲ್ಲಿ ಬಂದ ಅಧ್ಯಯನಗಳಲ್ಲಿ ಈ ಮಾತ್ರೆ ತಗೊಳ್ಳುವವರ ಕರುಳಿನಲ್ಲಿ ಬಾಯಿಯ ಬ್ಯಾಕ್ಟೀರಿಯಾ ಜಾಸ್ತಿ ಸಿಕ್ಕವು. ವಸಡು ಕೆಟ್ಟ ಬಾಯಿಯಲ್ಲಿ ಅವುಗಳ ಸಂಖ್ಯೆಯೇ ದೊಡ್ಡದು. ಹಾಗಾಗಿ ಆಸಿಡ್ ಮಾತ್ರೆ ಬಹಳ ಕಾಲ ತಗೊಳ್ಳುವವರು ವಸಡಿನ ಬಗ್ಗೆ ಉಳಿದವರಿಗಿಂತ ಹೆಚ್ಚು ಎಚ್ಚರ ವಹಿಸಬೇಕು ಎಂಬುದು ನನ್ನ ಅಭಿಪ್ರಾಯ.

ಗಟ್ಟಿ ಸಾಕ್ಷಿ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಸಕ್ಕರೆ ಕಾಯಿಲೆಯ ಕಡೆ ನೋಡಬೇಕು. ವಸಡಿಗೆ ಚಿಕಿತ್ಸೆ ಕೊಟ್ಟ ಗುಂಪು, ಕೊಡದ ಗುಂಪು ಎಂದು ಚೀಟಿ ಎತ್ತಿದಂತೆ ಹಂಚಿ ನಡೆಸಿದ ಪ್ರಯೋಗಗಳನ್ನು ಕೊಕ್ರೇನ್ ಸಂಸ್ಥೆ 2022ರಲ್ಲಿ ಒಟ್ಟುಗೂಡಿಸಿತು. ವಸಡಿಗೆ ಚಿಕಿತ್ಸೆ ಪಡೆದವರಲ್ಲಿ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸುಮಾರು 0.43 ಅಂಕ ಇಳಿದಿತ್ತು. ಒಂದನ್ನು ಸರಿಮಾಡಿದರೆ ಇನ್ನೊಂದು ಸುಧಾರಿಸಿತು. ರಿಫ್ಲಕ್ಸ್ ಮತ್ತು ವಸಡಿನ ನಂಟಿನಲ್ಲೂ ಇಂಥದ್ದೇ ಪ್ರಯೋಗ ಬೇಕು. ಉಂಗುರ ಸ್ನಾಯುವನ್ನು ಬಿಗಿಮಾಡುವ ಆಪರೇಷನ್ ಮಾಡಿಸಿಕೊಳ್ಳುವವರ ಪಾಕೆಟ್ ಆಳ ಮತ್ತು ಜೊಲ್ಲಿನ ಪ್ರಮಾಣವನ್ನು ಮೊದಲೂ ಆಮೇಲೂ ಅಳೆದರೆ, ಮಾತ್ರೆಯ ಗೊಂದಲ ಇಲ್ಲದೆ ರಿಫ್ಲಕ್ಸಿನ ಪಾಲೆಷ್ಟು ಎಂದು ತಿಳಿಯಬಹುದು.

ಈಗ ಮಾಡಬಹುದಾದದ್ದು

ಹುಳಿ ನೀರು ಬಾಯಿಗೆ ಬಂದ ಕೂಡಲೇ ಬ್ರಷ್ ಹಿಡಿಯಬೇಡಿ. ಆ ಹೊತ್ತಿಗೆ ಎನಾಮಲ್ ಮೆತ್ತಗಾಗಿರುತ್ತದೆ. ನೀರಿನಿಂದ ಬಾಯಿ ಮುಕ್ಕಳಿಸಿ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ ಉಗುಳಿದರೆ ಇನ್ನೂ ಒಳ್ಳೆಯದು. ಬ್ರಷ್ ಮಾಡಲು ಅರ್ಧ ಗಂಟೆ ಕಾಯಿರಿ. ಆದರೆ ಕಾಯಬೇಕು ಎಂದು ಉಜ್ಜುವುದನ್ನೇ ಬಿಟ್ಟರೆ ವಸಡಿಗೆ ನಷ್ಟ. ಮೆತ್ತನೆಯ ಬ್ರಷ್ ಇರಲಿ, ಹಲ್ಲು ಹಲ್ಲಿನ ನಡುವೆಯೂ ಸ್ವಚ್ಛ ಮಾಡಿ. ಸ್ಟ್ಯಾನಸ್ ಫ್ಲೋರೈಡ್ ಇರುವ ಪೇಸ್ಟ್ ಹಲ್ಲಿನ ಸವೆತಕ್ಕೂ ವಸಡಿನ ಊತಕ್ಕೂ ನೆರವಾಗುತ್ತದೆ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬಾಯಿ ಒಣಗಿಸಬಹುದು, ಬೇಡ.

ಊಟದ ನಂತರ ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಅಗಿದರೆ ಜೊಲ್ಲು ಹೆಚ್ಚುತ್ತದೆ, ಅನ್ನನಾಳದ ಆಸಿಡ್ ಬೇಗ ತೊಳೆದುಹೋಗುತ್ತದೆ. ಪುದೀನ ಉಂಗುರ ಸ್ನಾಯುವನ್ನು ಸಡಿಲ ಮಾಡಬಹುದು, ಹಾಗಾಗಿ ಬೇರೆ ರುಚಿಯದು ಮೇಲು. ಎದೆಯುರಿಗೆ ಚೀಪುವ, ಅಗಿಯುವ ಮಾತ್ರೆಗಳಲ್ಲಿ ಸಕ್ಕರೆ ಇದೆಯೇ ನೋಡಿಕೊಳ್ಳಿ. ಮಲಗುವ ಮೂರು ಗಂಟೆ ಮೊದಲು ಊಟ ಮುಗಿಸಿ, ಮಂಚದ ತಲೆಯ ಕಡೆಯ ಕಾಲುಗಳನ್ನು 15–20 ಸೆಂಟಿಮೀಟರ್ ಎತ್ತರಿಸಿ, ಎಡ ಮಗ್ಗುಲಿಗೆ ಮಲಗಿ. ನುಂಗಲು ಕಷ್ಟ, ತೂಕ ಇಳಿಯುವುದು, ರಕ್ತ ವಾಂತಿ, ಕಪ್ಪು ಮಲ ಇವುಗಳಲ್ಲಿ ಯಾವುದಾದರೂ ಇದ್ದರೆ ಮನೆಮದ್ದು ಬಿಟ್ಟು ನೇರವಾಗಿ ಡಾಕ್ಟರ ಹತ್ತಿರ ಹೋಗಿ.

ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ತಗೊಳ್ಳುವ ಮಾತ್ರೆಗಳ ಪಟ್ಟಿಯನ್ನು ಪೂರ್ತಿ ಹೇಳಿ, ಬಿಪಿ ಮಾತ್ರೆಯನ್ನೂ ಸೇರಿಸಿ. ಬರೀ ನೋಡಿ ಕಳಿಸಿದರೆ ಪಾಕೆಟ್ ಅಳೆಯಲು ಕೇಳಿ. ಅಂಕಿಗಳನ್ನು ಬರೆದುಕೊಳ್ಳಿ. ಸ್ಕೇಲಿಂಗ್ (ಪಾಚಿ, ಟಾರ್ಟರ್ ಕೆರೆದು ತೆಗೆಯುವುದು) ಮತ್ತು ಬೇರಿನ ಶುದ್ಧೀಕರಣ ಆದ 6ರಿಂದ 12 ವಾರಗಳ ನಂತರ ಮತ್ತೆ ಅಳೆಯುತ್ತಾರೆ. ಮನೆಯಲ್ಲಿ ಚೆನ್ನಾಗಿ ಉಜ್ಜಿಯೂ ಆ ಅಂಕಿಗಳು ಇಳಿಯದಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ, ಬಾಯಿ ಒಣಗುತ್ತದೆಯೇ, ರಾತ್ರಿ ಹುಳಿ ಬರುತ್ತದೆಯೇ ಎಂಬುದನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿ.